ಒಂದರ ಹಿಂದೆ ಇನ್ನೊಂದು ಟ್ರೈಲರ್: ಎಳೆಯಬಹುದೇ?

ಪ್ರಶ್ನೆ: ನನ್ನ ಪಿಕಪ್ ವಾಹನವು 3,000 ಕಿಲೋ ಎಳೆಯಬಲ್ಲದೆಂದು ಕೈಪಿಡಿಯಲ್ಲಿದೆ. ವಾಸದ ಟ್ರೈಲರ್ ಮತ್ತು ದೋಣಿಯ ಟ್ರೈಲರ್ ಸೇರಿದರೂ ಅಷ್ಟು ತೂಗುವುದಿಲ್ಲ. ಎರಡನ್ನೂ ಸಾಲಾಗಿ ಕಟ್ಟಿ ಎಳೆದೊಯ್ಯುವುದು ಸುರಕ್ಷಿತವೇ, ಕಾನೂನುಬದ್ಧವೇ?

ಉತ್ತರ: ಕಾನೂನು ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಕೆಲವು ರಾಜ್ಯಗಳು ಒಟ್ಟು ಉದ್ದ, ಬ್ರೇಕು, ಪರವಾನಗಿಯ ದರ್ಜೆ ಮುಂತಾದ ಷರತ್ತುಗಳ ಮೇಲೆ ಇದಕ್ಕೆ ಅವಕಾಶ ಕೊಟ್ಟಿದ್ದರೆ ಇನ್ನು ಕೆಲವು ನಿಷೇಧಿಸಿವೆ. ಆದ್ದರಿಂದ ಗಡಿ ದಾಟುವವರು ಹೊರಟ ಊರಿನ ನಿಯಮವನ್ನಷ್ಟೇ ನೋಡಿಕೊಂಡರೆ ಸಾಲದು.

ಸುರಕ್ಷತೆಯ ವಿಷಯದಲ್ಲಿ ನೀವು ತೂಕವೊಂದನ್ನೇ ಲೆಕ್ಕ ಹಾಕಿದ್ದೀರಿ. ಟ್ರೈಲರಿನ ತೂಕದ ಶೇಕಡಾ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಕೂತಿರಬೇಕೆಂಬುದು ಸಾಮಾನ್ಯ ಸಲಹೆ. ಆದರೆ ದೋಣಿಯ ಟ್ರೈಲರಿನ ಮೂತಿ ಮೊದಲ ಟ್ರೈಲರಿನ ಬಾಲವನ್ನು ಕೆಳಕ್ಕೆ ಅದುಮಿದಾಗ, ಅದರ ಅಚ್ಚು ಏತದ ಕಂಬದಂತೆ ಕೆಲಸ ಮಾಡಿ ಮುಂಭಾಗವನ್ನು ಮೇಲೆತ್ತುತ್ತದೆ. ಕೊಂಡಿಯ ಮೇಲಿನ ಭಾರ ಹೀಗೆ ಇಳಿದರೆ ಓಲಾಟ ಶುರುವಾಗುತ್ತದೆ. ಅದೂ ಅಲ್ಲದೆ, ಗುಂಡಿ ತಪ್ಪಿಸಲು ಚಾಲಕನು ಸ್ಟಿಯರಿಂಗನ್ನು ಸರಕ್ಕನೆ ತಿರುಗಿಸಿದರೆ ಆ ಎಳೆತ ಪ್ರತಿ ಕೊಂಡಿಯಲ್ಲೂ ಹಿಗ್ಗುತ್ತ ಹೋಗಿ, ಚಾಟಿಯ ತುದಿಯಂತೆ ಕೊನೆಯ ಟ್ರೈಲರನ್ನೇ ಹೆಚ್ಚು ಬೀಸುತ್ತದೆ. ಕನ್ನಡಿಯಲ್ಲಿ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಿಂದಕ್ಕೆ ಚಲಿಸುವುದಂತೂ ಬಹುಪಾಲು ಅಸಾಧ್ಯ. ದಾರಿ ತಪ್ಪಿದರೆ ಕೊಂಡಿ ಕಳಚಿಯೇ ತಿರುಗಿಸಬೇಕು.

ಮೊದಲ ಟ್ರೈಲರಿನ ಚೌಕಟ್ಟು ಹಿಂಬದಿಯ ಕೊಂಡಿಗೆ ಯೋಗ್ಯವೆಂದು ಅದರ ತಯಾರಕರೇ ಲಿಖಿತವಾಗಿ ಹೇಳಿರದಿದ್ದರೆ, ದೋಣಿಗಾಗಿ ಇನ್ನೊಂದು ಸುತ್ತು ಹೋಗಿ ಬರುವುದೇ ಲೇಸು.