ಜಿಪಿಯು ಕ್ಲಸ್ಟರ್ ಕೈಲಿಲ್ಲದೆ ಜಿಪಿಯು ನೆಟ್‌ವರ್ಕಿಂಗ್ ಓಪನ್ ಸೋರ್ಸ್‌ಗೆ ಕೋಡ್ ಬರೆಯೋಕಾಗುತ್ತಾ?

ನೀವು ಕೇಳಿರೋದು ಇಷ್ಟು: ಮೂರು ವರ್ಷದಿಂದ ಬ್ಯಾಕೆಂಡ್ ಕೆಲಸ, ಸಿ ಪ್ಲಸ್ ಪ್ಲಸ್ ತಕ್ಕಮಟ್ಟಿಗೆ ಬರುತ್ತೆ, ಎನ್‌ಸಿಸಿಎಲ್, ಯುಸಿಎಕ್ಸ್ ಥರದ, ಜಿಪಿಯುಗಳು, ಸರ್ವರ್‌ಗಳು ತಮ್ಮೊಳಗೆ ವೇಗವಾಗಿ ಡೇಟಾ ಕಳಿಸೋಕೆ ಬಳಸೋ ಲೈಬ್ರರಿ ಪ್ರಾಜೆಕ್ಟ್‌ಗಳಿಗೆ ಏನಾದ್ರೂ ಮಾಡ್ಬೇಕು ಅಂತ ಆಸೆ, ಆದ್ರೆ ಮನೇಲಿರೋದು ಒಂದು ಲ್ಯಾಪ್‌ಟಾಪ್, ನಮ್ಮಂಥವರಿಗೆ ಅಲ್ಲಿ ಜಾಗ ಇದೆಯಾ ಅಂತ. ಇದೆ. ನಾನು ಐದು ವರ್ಷದಿಂದ ಬಿಡುವಾದಾಗೆಲ್ಲ ಇದನ್ನ ಮಾಡ್ತಿದೀನಿ. ನನ್ನ ಮೊದಲನೇ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿದಾಗ ಬರೀ ಒಂಬತ್ತು ಸಾಲು ಇತ್ತು, ಹೊಸ ಅಲ್ಗಾರಿದಂ ಏನೂ ಅಲ್ಲ, ಒಂದು ಎರರ್ ಮೆಸೇಜ್. ಅದು ಹೇಗೆ ಹುಟ್ಟಿತು ಅಂತ ಹೇಳಿಬಿಡ್ತೀನಿ, ಈ ಕೆಲಸ ಎಂಥದ್ದು ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಆಗ ನಾನಿದ್ದ ಕಂಪನೀಲಿ ಎರಡು ಸರ್ವರ್, ಒಂದೊಂದ್ರಲ್ಲೂ 8 ಎ100 ಜಿಪಿಯು, ಸರ್ವರ್‌ಗೊಂದು 200 ಗಿಗಾಬಿಟ್ ಇನ್ಫಿನಿಬ್ಯಾಂಡ್ (ವೇಗದ ನೆಟ್‌ವರ್ಕ್) ಕಾರ್ಡ್. 200 ಗಿಗಾಬಿಟ್ ಅಂದ್ರೆ ಸೆಕೆಂಡಿಗೆ 25 ಗಿಗಾಬೈಟ್, ಸ್ವಲ್ಪ ಕಮ್ಮಿ ಬಂದ್ರೂ ಸರಿ, ನಮಗೆ ಬರ್ತಿದ್ದಿದ್ದು 7. ಇದ್ರಿಂದ ಎಷ್ಟು ನಷ್ಟ ಅಂತ ಒಂದು ಲೆಕ್ಕ ನೋಡಿ. 700 ಕೋಟಿ ಪ್ಯಾರಾಮೀಟರ್ ಮಾಡೆಲ್, ಒಂದೊಂದಕ್ಕೆ 2 ಬೈಟ್, ಅಂದ್ರೆ ಗ್ರೇಡಿಯೆಂಟ್ (ಪ್ರತಿ ಪ್ಯಾರಾಮೀಟರ್ ಎಷ್ಟು ತಿದ್ಬೇಕು ಅನ್ನೋ ಲೆಕ್ಕ) 14 ಗಿಗಾಬೈಟ್. 16 ಜಿಪಿಯು ರಿಂಗ್ ಥರ ನಿಂತು ಆಲ್-ರೆಡ್ಯೂಸ್ (ಎಲ್ಲರ ಲೆಕ್ಕ ಕೂಡಿಸಿ ಎಲ್ಲರಿಗೂ ಹಂಚೋದು) ಮಾಡಿದ್ರೆ ಒಂದೊಂದು ಜಿಪಿಯುನೂ ಅದರ ಎರಡರಷ್ಟಕ್ಕಿಂತ ಸ್ವಲ್ಪ ಕಮ್ಮಿ, ಸುಮಾರು 26 ಗಿಗಾಬೈಟ್ ಪಕ್ಕದವರಿಗೆ ದಾಟಿಸ್ಬೇಕು. 25ರ ವೇಗದಲ್ಲಿ ಒಂದು ಸೆಕೆಂಡ್ ಚಿಲ್ರೆ, 7ರಲ್ಲಿ ಹತ್ರ ಹತ್ರ ನಾಲ್ಕು ಸೆಕೆಂಡ್. ಇದು ಟ್ರೈನಿಂಗಿನ ಪ್ರತಿ ಸ್ಟೆಪ್ಪಿಗೂ, ಲಕ್ಷ ಸ್ಟೆಪ್ ಓಡಿಸೋ ಕಡೆ ಎಷ್ಟಾಗುತ್ತೆ ನೀವೇ ಗುಣಿಸಿ. ಅಷ್ಟೂ ಹೊತ್ತು ಆ ದುಬಾರಿ ಜಿಪಿಯುಗಳು ಸುಮ್ನೆ ಕಾಯ್ತಾ ಇರ್ತವೆ.

ನಾನು ಮೊದಲು ಕೇಬಲ್ ಬದಲಾಯಿಸ್ದೆ, ಸ್ವಿಚ್ ನೋಡ್ದೆ, ಡ್ರೈವರ್ ಹಾಕಿ ತೆಗೆದು ಮತ್ತೆ ಹಾಕ್ದೆ. ಎನ್‌ಸಿಸಿಎಲ್ ಡೀಬಗ್ ಲಾಗ್ ಆನ್ ಮಾಡಿದ್ರೆ ಯಾವ ಜಿಪಿಯು ಯಾವ ದಾರೀಲಿ ಮಾತಾಡ್ತಿದೆ ಅಂತ ಸಾಲು ಸಾಲಾಗಿ ಬರುತ್ತೆ, ಸಾಲಿನ ಕೊನೇಲಿ ಜಿಡಿಆರ್‌ಡಿಎಂಎ ಅಂತ ಇದ್ರೆ ನೆಟ್‌ವರ್ಕ್ ಕಾರ್ಡ್ ನೇರವಾಗಿ ಜಿಪಿಯು ಮೆಮೊರಿಗೇ ಕೈ ಹಾಕ್ತಿದೆ ಅಂತ ಅರ್ಥ, ಅದಿಲ್ಲ ಅಂದ್ರೆ ಡೇಟಾ ಮೊದಲು ಸಿಪಿಯು ರ‍್ಯಾಮ್‌ಗೆ ಕಾಪಿ ಆಗಿ ಆಮೇಲೆ ಹೊರಗೆ ಹೋಗ್ತಿದೆ. ನಮ್ಮ ಲಾಗಲ್ಲಿ ಜಿಡಿಆರ್‌ಡಿಎಂಎ ಇತ್ತು! ಅದಕ್ಕೇ ಎರಡು ವಾರ ದಾರಿ ತಪ್ಪಿದ್ದು. ಕೊನೆಗೆ ಸಿಕ್ಕಿದ್ದು ಪಿಸಿಐಇ ಸ್ವಿಚ್‌ನ (ಸರ್ವರ್ ಒಳಗೆ ಜಿಪಿಯು, ಕಾರ್ಡ್‌ಗಳನ್ನ ಜೋಡಿಸೋ ಚಿಪ್) ಎಸಿಎಸ್ ಅನ್ನೋ ಸೆಟ್ಟಿಂಗ್. ಅದು ಆನ್ ಇದ್ರೆ ಒಂದೇ ಸ್ವಿಚ್ ಕೆಳಗೆ ಅಕ್ಕಪಕ್ಕ ಕೂತಿರೋ ಜಿಪಿಯು ಮತ್ತು ಕಾರ್ಡ್ ಕೂಡ ನೇರ ಮಾತಾಡೋ ಹಾಗಿಲ್ಲ, ಪ್ರತಿ ಪ್ಯಾಕೆಟ್ಟೂ ಮೇಲೆ ಸಿಪಿಯು ತನಕ ಹೋಗಿ ವಾಪಸ್ ಇಳಿಬೇಕು, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ್ರು ಅಂತಾರಲ್ಲ ಹಾಗೆ. ಆಫ್ ಮಾಡಿದ್ವಿ, 7 ಇದ್ದಿದ್ದು 23 ಆಯ್ತು. ಆ ನಂಬರ್ ಸ್ಕ್ರೀನ್ ಮೇಲೆ ನೋಡಿದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಎನ್‌ಸಿಸಿಎಲ್ ಡಾಕ್ಯುಮೆಂಟೇಶನ್‌ನಲ್ಲಿ ಎಸಿಎಸ್ ಬಗ್ಗೆ ಬರ್ದಿದಾರೆ, ಆದ್ರೆ ಅದನ್ನೇ ಹುಡುಕ್ಬೇಕು ಅಂತ ಗೊತ್ತಿದ್ದೋರಿಗೆ ಮಾತ್ರ ಅದು ಸಿಗುತ್ತೆ. ಹಾಗಾಗಿ ನಾವು ಬಳಸ್ತಿದ್ದ ಒಂದು ಚಿಕ್ಕ ಓಪನ್ ಸೋರ್ಸ್ ಟೆಸ್ಟ್ ಟೂಲ್‌ಗೆ, ಎಸಿಎಸ್ ಆನ್ ಇದ್ರೆ ಎರರ್ ಕೊಡೋ ಪ್ಯಾಚ್ ಕಳಿಸ್ದೆ. ರಿವ್ಯೂ ಮಾಡಿದವರು ಕೇಳಿದ್ರು, ವರ್ಚುವಲ್ ಮಷೀನ್ ಓಡಿಸೋ ಕಡೆ ಒಬ್ಬರ ಡಿವೈಸ್ ಇನ್ನೊಬ್ಬರ ಮೆಮೊರಿ ಮುಟ್ಟಬಾರದು ಅಂತಾನೇ ಎಸಿಎಸ್ ಬೇಕು, ಅವರಿಗೆ ಇದು ತಪ್ಪು ಹೇಗಾಗುತ್ತೆ ಅಂತ. ನನಗೆ ಅದು ಹೊಳೆದೇ ಇರ್ಲಿಲ್ಲ. ಎರರ್ ತೆಗೆದು ಎಚ್ಚರಿಕೆ ಮಾಡ್ದೆ, ಟೆಸ್ಟ್ ಬರ್ದೆ, ಒಂಬತ್ತು ಸಾಲು ನಲವತ್ತಾಯ್ತು, ಮೂರು ವಾರಕ್ಕೆ ಮರ್ಜ್ ಆಯ್ತು. ಆ ಒಂದು ರಿವ್ಯೂ ಕಾಮೆಂಟಿಂದ ನಾನು ಪಿಸಿಐಇ ಬಗ್ಗೆ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಬರೆದವರು ಯಾರು, ಯಾವ ದೇಶ, ಏನೂ ಗೊತ್ತಿಲ್ಲ, ಪುಕ್ಕಟೆ ಕೂತು ನನ್ನ ತಪ್ಪು ತಿದ್ದಿದ್ರು.

ಈಗ ಪ್ರಾಜೆಕ್ಟ್‌ಗಳ ವಿಷಯ. ಎನ್‌ಸಿಸಿಎಲ್ ಎನ್ವಿಡಿಯಾದವರದ್ದು, ಮೊದಲ ವರ್ಶನ್ 2015ರಲ್ಲಿ ಓಪನ್ ಆಗಿ ಬಂತು, ವರ್ಶನ್ 2 ಶುರುವಲ್ಲಿ ಬೈನರಿ ಮಾತ್ರ ಇತ್ತು, 2018ರಲ್ಲಿ ಮತ್ತೆ ಸೋರ್ಸ್ ತೆರೆದಿಟ್ರು. ಆದ್ರೆ ಬಹುಪಾಲು ಬೆಳವಣಿಗೆ ಕಂಪನಿ ಒಳಗೇ ಆಗುತ್ತೆ, ಒಂದೊಂದು ರಿಲೀಸೂ ದೊಡ್ಡ ಕಮಿಟ್ ಆಗಿ ಹೊರಗೆ ಬೀಳುತ್ತೆ, ಹಾಗಾಗಿ ಹೊರಗಿನವರ ಪುಲ್ ರಿಕ್ವೆಸ್ಟ್‌ಗಿಂತ ಅಚ್ಚುಕಟ್ಟಾಗಿ ಬರೆದ ಇಶ್ಯೂಗೆ ಅಲ್ಲಿ ಬೆಲೆ ಜಾಸ್ತಿ ಅನ್ನೋದು ನನ್ನ ಅನುಭವ: ಟೋಪಾಲಜಿ (ಯಾವುದು ಯಾವುದಕ್ಕೆ ಜೋಡಿಸಿದೆ ಅನ್ನೋದು), ಪೂರ್ತಿ ಲಾಗ್, ಹೇಗೆ ಮಾಡಿದ್ರೆ ಮತ್ತೆ ಅದೇ ತೊಂದ್ರೆ ಬರುತ್ತೆ ಅನ್ನೋದು. ಯುಸಿಎಕ್ಸ್ ಮತ್ತು ಅದೇ ಥರದ ಲಿಬ್‌ಫ್ಯಾಬ್ರಿಕ್‌ನಲ್ಲಿ ರಿವ್ಯೂ ಎಲ್ಲರ ಕಣ್ಣೆದುರಿಗೇ ನಡೆಯುತ್ತೆ, ಹೊಸಬರಿಗೆ ನಾನು ಹೇಳೋದು ಇವೆರಡನ್ನೇ. ಎನ್‌ಸಿಸಿಎಲ್‌ಗೆ ನೆಟ್‌ವರ್ಕ್ ಪ್ಲಗಿನ್ ಬರೆಯೋ ವ್ಯವಸ್ಥೆನೂ ಇದೆ. ಕನೆಕ್ಟ್, ಅಕ್ಸೆಪ್ಟ್, ಐಸೆಂಡ್, ಐರಿಸೀವ್, ಟೆಸ್ಟ್ ಅಂತ ಬೆರಳೆಣಿಕೆಯಷ್ಟು ಫಂಕ್ಷನ್, ಲಿಬ್‌ಫ್ಯಾಬ್ರಿಕ್ ಬಳಸೋ ಅಮೆಜಾನ್‌ನವರ ಓಎಫ್‌ಐ ಪ್ಲಗಿನ್ ಓಪನ್ ಸೋರ್ಸೇ, ಅದನ್ನ ಒಂದು ಸಲ ಓದಿ.

ಕರ್ನಲ್ ಕಡೆ ಕಥೆ ಇನ್ನೂ ಚೆನ್ನಾಗಿದೆ. ಆರ್‌ಡಿಎಂಎ ಅಂದ್ರೆ ಸಿಪಿಯುನ ನಡುವೆ ತರದೆ ಒಂದು ಮಷೀನಿನ ಮೆಮೊರಿಯಿಂದ ಇನ್ನೊಂದಕ್ಕೆ ನೇರವಾಗಿ ಡೇಟಾ ಕಳಿಸೋದು. ಜಿಪಿಯುಡೈರೆಕ್ಟ್ ಆರ್‌ಡಿಎಂಎ (ಮೇಲೆ ಲಾಗಲ್ಲಿ ನೋಡಿದ ಜಿಡಿಆರ್‌ಡಿಎಂಎ) ಬಂದಿದ್ದು ಕೆಪ್ಲರ್ ಜಿಪಿಯು, ಕುಡಾ 5 ಕಾಲಕ್ಕೆ, 2012ರ ಸುಮಾರಿಗೆ. ಅದು ಬಹಳ ವರ್ಷ ಲಿನಕ್ಸ್ ಕರ್ನಲ್‌ಗೆ ಹೊರಗಿನ ಮಾಡ್ಯೂಲ್ ನೆಚ್ಕೊಂಡೇ ನಡೀತು, ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಮುರಿದು ಬೀಳೋದು. ಆಮೇಲೆ ಗ್ರಾಫಿಕ್ಸ್‌ನವರು ಆಗಲೇ ಬಳಸ್ತಿದ್ದ ಡಿಎಂಎ-ಬಫ್ ಅನ್ನೋ ಸಾಮಾನ್ಯ ದಾರಿಯನ್ನೇ ಆರ್‌ಡಿಎಂಎಗೂ ತಂದ್ರು, 2021ರ 5.12 ಕರ್ನಲ್‌ನಲ್ಲಿ ಬಂತು, ಈಗ ಯಾವ ಕಂಪನಿ ಜಿಪಿಯು ಆದ್ರೂ ಅದೇ ಬಾಗಿಲಿಂದ ಬರಬಹುದು. ಒಂದು ಕಂಪನಿಯ ಒಳದಾರಿ ಎಲ್ಲರ ರಸ್ತೆ ಆಗೋದು ಅಂದ್ರೆ ಇದೇ, ನಾನು ಈ ಕೆಲಸಕ್ಕೆ ಅಂಟ್ಕೊಂಡಿರೋದೂ ಇದಕ್ಕೇ.

ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಲಿನಕ್ಸ್‌ನಲ್ಲಿ 4.8 ಕರ್ನಲ್‌ನಿಂದ ಸಾಫ್ಟ್-ರೋಸಿ (ರೋಸಿ ಅಂದ್ರೆ ಈಥರ್ನೆಟ್ ಮೇಲೆ ಆರ್‌ಡಿಎಂಎ) ಡ್ರೈವರ್ ಇದೆ, ಹೆಸರು ಆರ್‌ಎಕ್ಸ್‌ಇ, ಮಾಮೂಲಿ ಈಥರ್ನೆಟ್ ಮೇಲೇ ಆರ್‌ಡಿಎಂಎ ಕಾರ್ಡ್ ಇರೋ ಹಾಗೆ ತೋರಿಸುತ್ತೆ. ವೇಗ ಸಿಗಲ್ಲ, ಆದ್ರೆ ಕ್ಯೂ ಪೇರ್ (ಕಳಿಸೋ, ಪಡೆಯೋ ಸಾಲುಗಳ ಜೋಡಿ) ಮಾಡೋದು, ಮೆಮೊರಿ ರಿಜಿಸ್ಟರ್ ಮಾಡೋದು, ಕಂಪ್ಲೀಶನ್ ಕಾಯೋದು ಎಲ್ಲ ನಿಜವಾದ ಕಾರ್ಡಲ್ಲಿ ಹೇಗೋ ಹಾಗೇ. ಯುಸಿಎಕ್ಸ್ ಅಂತೂ ಟಿಸಿಪಿ ಮೇಲೆ, ಶೇರ್ಡ್ ಮೆಮೊರಿ ಮೇಲೆ ಜಿಪಿಯು ಇಲ್ದೇನೂ ಓಡುತ್ತೆ. ಎನ್‌ಸಿಸಿಎಲ್‌ಗೆ ಮಾತ್ರ ಎರಡು ಜಿಪಿಯು ಬೇಕು, ಒಂದರ ಮೇಲೇ ಎರಡು ರ‍್ಯಾಂಕ್ (ಗುಂಪಿನ ಸದಸ್ಯರು) ಕೂರ್ಸೋಕೆ ಹೋದ್ರೆ ಡೂಪ್ಲಿಕೇಟ್ ಜಿಪಿಯು ಅಂತ ಬೈದು ನಿಂತುಬಿಡುತ್ತೆ. ಅದಕ್ಕೆ ಕ್ಲೌಡಲ್ಲಿ ಎರಡು ಜಿಪಿಯು ಇರೋ ಒಂದೇ ಮಷೀನ್ ಗಂಟೆ ಲೆಕ್ಕದಲ್ಲಿ ತಗೊಳ್ಳಿ, ಪಿ2ಪಿ (ಜಿಪಿಯುಗಳ ನೇರ ಮಾತುಕತೆ) ಮತ್ತು ಶೇರ್ಡ್ ಮೆಮೊರಿ ಎರಡನ್ನೂ ಎನ್ವಿರಾನ್ಮೆಂಟ್ ವೇರಿಯೇಬಲ್‌ನಿಂದ ಡಿಸೇಬಲ್ ಮಾಡಿ, ಆಗ ಒಂದೇ ಡಬ್ಬದೊಳಗಿದ್ರೂ ನೆಟ್‌ವರ್ಕ್ ಕೋಡೇ ಓಡುತ್ತೆ, ಡೀಬಗರ್ ಹಾಕಿ ಸಾಲು ಸಾಲೂ ನೋಡಬಹುದು. ಮಷೀನ್ ಆಫ್ ಮಾಡೋದು ಮರೀಬೇಡಿ, ಬಿಲ್ ಓಡ್ತಾನೇ ಇರುತ್ತೆ.

ಈ ವಾರಾಂತ್ಯಕ್ಕೆ ಒಂದೇ ಕೆಲಸ ಇಟ್ಕೊಳ್ಳಿ: ಎರಡು ವಿಎಂ (ವರ್ಚುವಲ್ ಮಷೀನ್), ಎರಡರಲ್ಲೂ ಆರ್‌ಎಕ್ಸ್‌ಇ, ಆರ್‌ಡಿಎಂಎ-ಕೋರ್ ಪ್ಯಾಕೇಜ್ ಜೊತೆ ಬರೋ ಪಿಂಗ್‌ಪಾಂಗ್ ಟೆಸ್ಟ್. ಕನೆಕ್ಟ್ ಆಯ್ತು ಅಂತ ತೋರಿಸಿ ಆಮೇಲೆ ಅಲ್ಲೇ ನಿಂತ್ರೆ ಮೊದಲು ಫೈರ್‌ವಾಲ್ ನೋಡಿ, ರೋಸಿ ಡೇಟಾ ಎಲ್ಲ ಯುಡಿಪಿ 4791 ಪೋರ್ಟಲ್ಲಿ ಹೋಗುತ್ತೆ, ಅದು ಮುಚ್ಚಿರಬಹುದು. ಅದನ್ನ ತೆರೆದ ಮೇಲೂ ಓಡ್ಲಿಲ್ಲ ಅಂದ್ರೆ ಎರಡೂ ಕಡೆ ಲಾಗ್ ಇಲ್ಲೇ ಕೆಳಗೆ ಹಾಕಿ, ನಾನು ನೋಡ್ತೀನಿ.