ಉಪ್ಪಳದ ಹತ್ತಿರ ಕನ್ನಡದಲ್ಲಿ ಎಎ ಸಭೆ ಹುಡುಕುತ್ತಿರುವವರಿಗೆ

ಅಣ್ಣ ಕುಡಿತ ಬಿಡಲು ಒಪ್ಪಿದ್ದಾರೆ, ಮಲಯಾಳ ಅಷ್ಟಾಗಿ ಬರುವುದಿಲ್ಲ, ಉಪ್ಪಳದ ಹತ್ತಿರ ಎಎ, ಅಂದರೆ ಕುಡಿತ ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸಭೆ ಎಲ್ಲಿದೆ ಎಂದು ಕೇಳಿದ್ದೀರಿ. ಒಪ್ಪಿದ್ದಾರಲ್ವಾ, ಅದೇ ದೊಡ್ಡದು. ತಡ ಮಾಡಬೇಡಿ.

ಆದರೆ ಮೊದಲು ಡಾಕ್ಟರು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಕೆಲವರಿಗೆ ಎರಡು ಮೂರು ದಿನದೊಳಗೆ ಫಿಟ್ಸ್ ಕೂಡ ಬರುತ್ತದೆ. ಮನೆಯಲ್ಲೇ ಬಿಡಿಸುತ್ತೇವೆ ಎಂದು ಹೊರಡಬೇಡಿ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ಕೇಂದ್ರ ಸರ್ಕಾರದ್ದು 14446.

ಇನ್ನು ಸಭೆ. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಕಾಸರಗೋಡು, ಮಂಗಳೂರು ಎರಡನ್ನೂ ಹುಡುಕಿ. ಕನ್ನಡ, ತುಳು ಬೇಕಾದರೆ ಮಂಗಳೂರೇ ವಾಸಿ. ಉಪ್ಪಳದಿಂದ ರೈಲು, ಬಸ್ಸು ಎರಡೂ ಇವೆ, ಗುರುತಿನವರು ನೋಡುತ್ತಾರೆ ಎಂಬ ನಿಮ್ಮ ಹೆದರಿಕೆಯೂ ಕಮ್ಮಿ ಆಗುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಭಾಷೆ ಯಾವುದು, ಸಭೆ ಓಪನ್ನಾ ಕ್ಲೋಸ್ಡಾ ಕೇಳಿ. ಓಪನ್ ಆದರೆ ನೀವೂ ಜೊತೆಗೆ ಕೂರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ.

ಫೀಸು ಇಲ್ಲ. ಹೆಸರು ಹೇಳಿದರೆ ಸಾಕು, ಮನೆ ಯಾವುದು, ಜಾತಿ ಯಾವುದು ಎಂಬ ಮಾತಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಮೊದಲ ದಿನ ಅಣ್ಣ ಸುಮ್ನೆ ಕೂತು ಕೇಳಿಸಿಕೊಂಡರೂ ಆಯಿತು. ಖರ್ಚಿಗೆಂದು ಡಬ್ಬಿ ಸುತ್ತಿ ಬರುತ್ತದೆ, ಹಾಕಲೇಬೇಕೆಂದಿಲ್ಲ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನೂ ವಿಚಾರಿಸಿ. ಶಿಬಿರ ಮುಗಿಸಿದವರಿಗೆ ಅವರಲ್ಲಿ ನವಜೀವನ ಸಮಿತಿಗಳಿವೆ.

ಅತ್ತಿಗೆಯನ್ನು ಮರೆಯಬೇಡಿ. ಮನೆಯವರಿಗೆಂದೇ ಅಲ್-ಅನಾನ್ ಸಭೆಗಳಿವೆ. ಅಣ್ಣ ಹೋಗದ ವಾರವೂ ಅವರು ಹೋಗಬಹುದು.