ಕಾರ್ಮಿಕರು ರಕ್ತ ಕೊಟ್ಟ ಉದ್ಯಮಿ

ಪ್ರಶ್ನೆ: ಸಂತ ಪದವಿಯ ದಾರಿಯಲ್ಲಿ ಬರೀ ಪಾದ್ರಿಗಳು, ಸಿಸ್ಟರ್‌ಗಳೇ ಇರ್ತಾರಾ ಸರ್? ಸಂಸಾರ, ವ್ಯಾಪಾರ ಎರಡೂ ಮಾಡಿದ ಕೆಥೋಲಿಕರು ಯಾರೂ ಇಲ್ವಾ?

ಉತ್ತರ: ಖಂಡಿತ ಇದ್ದಾರೆ. ಅರ್ಜೆಂಟೀನಾದ ಎನ್ರಿಕೆ ಶಾ ಅವರನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. 1921ರಲ್ಲಿ ಹುಟ್ಟಿದವರು. ಮೊದಲು ನೌಕಾಪಡೆಯಲ್ಲಿದ್ದರು, ಆಮೇಲೆ ಗಾಜಿನ ಕಾರ್ಖಾನೆಯೊಂದಕ್ಕೆ ಸೇರಿ ಅದನ್ನು ನಡೆಸುವ ಹುದ್ದೆಗೇ ಬಂದರು. ಮನೆಯಲ್ಲಿ ಹೆಂಡತಿ ಸೆಸಿಲಿಯಾ, ಒಂಬತ್ತು ಮಕ್ಕಳು! 1952ರಲ್ಲಿ ಕ್ರೈಸ್ತ ಉದ್ಯಮಿಗಳ ಸಂಘವನ್ನೂ ಕಟ್ಟಿದರು.

ಒಮ್ಮೆ ಕಾರ್ಖಾನೆಯಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಕೆಲಸದಿಂದ ತೆಗೆಯುವ ಮಾತು ಬಂತು. ಆಗಲೇ ಶಾ ಅವರಿಗೆ ಕ್ಯಾನ್ಸರ್ ಹಿಡಿದಿತ್ತು, ಆದರೂ ಇವರು ಸುಮ್ನೆ ಕೂರಲಿಲ್ಲ, ಕಾರ್ಮಿಕರ ಪರ ಗಟ್ಟಿಯಾಗಿ ನಿಂತರು. ಮುಂದೆ ಇವರಿಗೆ ರಕ್ತ ಬೇಕಾದಾಗ ಸುಮಾರು 260 ಕಾರ್ಮಿಕರು ಬಂದು ಕೊಟ್ಟರು. ಸಂಬಳ ಕೊಡುವವರಿಗಾಗಿ ಯಾರು ಹಾಗೆ ಸಾಲುಗಟ್ಟಿ ಬರ್ತಾರೆ, ಹೇಳಿ? ಈಗ ನನ್ನ ಮೈಯಲ್ಲಿ ಹರಿಯುವುದು ಕಾರ್ಮಿಕರ ರಕ್ತ ಅಂತ ಅವರೇ ಖುಷಿಯಿಂದ ಹೇಳಿಕೊಂಡರು.

1962ರ ಆಗಸ್ಟ್ 27ರಂದು ತೀರಿಕೊಂಡಾಗ ವಯಸ್ಸು ಬರೀ 41. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಶಾ ಅವರನ್ನು ‘ವೆನರಬಲ್’ (ಪೂಜ್ಯರು) ಎಂದು ಘೋಷಿಸಿದರು. ಸಂತ ಪದವಿಯ ದಾರಿಯಲ್ಲಿ ಅದೊಂದು ದೊಡ್ಡ ಮೆಟ್ಟಿಲು.